ಐದನೆಯ ಬೆರಳು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೇಡವೆಂದು ಅವರೇ ಹೇಳಿದ್ದರು. "ಪಿಚ್ಚರ್ ಮುಗಿಯೂ ಮುಂದ ಹಾಕಲಾರದ ಹೆಸರು ನೀವ್ ಎಲ್ಲೆರ ಬರದು ಏನ್ ಮಾಡೂದದರಿ? ಬಿಡ್ರಿ" ಎಂದಿದ್ದರು ಒಮ್ಮೆ, ಕೊಯಾಲಿಯ ಟೌನ್‌ಶಿಪ್ಪಿನ ತಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ. ಹೋದ ವರ್ಷ ತೀರಿಕೊಂಡರು. ಹೆಸರಿನ ಮಟ್ಟಿಗೆ ಅವರ ಮಾತು ಉಳಿಸಿಕೊಳ್ಳುತ್ತೇನೆ. ಉಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವಷ್ಟು ಒಳ್ಳೆಯವಳು ನಾನಲ್ಲ.

ನಾನು ಅಹಮದಾಬಾದಿಗೆ ಬಂದದ್ದು ಗಂಡನ ಬ್ಯಾಂಕಿನ ವರ್ಗಾವಣೆಯ ಬೆನ್ನಿಗೆ, ಕುಕ್ಕರು ಟ್ರಂಕುಗಳ ಜೊತೆಗಿನ ಇನ್ನೊಂದು ಸಾಮಾನಿನ ಹಾಗೆ. ಕೈಯಲ್ಲಿ ಮೈಸೂರಿನ ಕನ್ನಡ ಎಂ.ಎ. ಇತ್ತು. ಸಾಬರಮತಿಯ ದಂಡೆಯಲ್ಲಿ ಅದನ್ನು ಯಾರು ಕೇಳುತ್ತಾರೆ? ಶಾಲಾ ಮಕ್ಕಳಿಗೆ ಟಿ.ವಿ. ಪಾಠಗಳನ್ನು ತಯಾರಿಸುವ ಒಂದು ಘಟಕದಲ್ಲಿ ಕನ್ನಡ ಬರೆದು ದನಿ ಕೊಡುವವರು ಬೇಕು ಎಂದು ಯಾರೋ ಹೇಳಿದರು, ಹೋದೆ, ಸಿಕ್ಕಿತು. ಒಂದೇ ಚಿತ್ರವನ್ನು ಬೇರೆ ಬೇರೆ ಭಾಷೆಗಳಲ್ಲಿ ಮಾತಾಡಿಸುವುದು ಅಲ್ಲಿನ ಪದ್ಧತಿ. ಸೂರ್ಯ ಒಬ್ಬನೇ, ಅವನು ಗುಜರಾತಿಯಲ್ಲೂ ನಗುತ್ತಿದ್ದ, ಒಡಿಯಾದಲ್ಲೂ ನಗುತ್ತಿದ್ದ, ನನ್ನ ಗಂಟಲಲ್ಲಿ ಕನ್ನಡದಲ್ಲೂ ನಗುತ್ತಿದ್ದ.

ಆ ಸೂರ್ಯನನ್ನು ಮೂಡಿಸಿ ಮುಳುಗಿಸುತ್ತಿದ್ದವರು ಇವರು. ಕಿಟಕಿಯಿಲ್ಲದ ಕೋಣೆಯಲ್ಲಿ ಗಾಜಿನ ಮೇಜಿನ ಮುಂದೆ ಕೂರುತ್ತಿದ್ದರು. ಗಾಜಿನಡಿ ಟ್ಯೂಬ್‌ಲೈಟು. ಬೆಳಕು ಕೆಳಗಿನಿಂದ ಬೀಳುವುದರಿಂದ ಮುಖ ಸ್ವಲ್ಪ ಭಯವಾಗುವಂತೆ ಕಾಣುತ್ತಿತ್ತು. ಮೊದಲ ದಿನ ನಾನು ಬಾಗಿಲಲ್ಲಿ ನಿಂತು ಹಿಂದಿಯಲ್ಲಿ ತಡವರಿಸುತ್ತಿದ್ದಾಗ ಪೆನ್ಸಿಲು ಕೆಳಗಿಟ್ಟು, "ಕನ್ನಡದಾಗ ಮಾತಾಡ್ರಿ, ನಾ ಧಾರವಾಡದಾಕಿ. ನೀವು ಮೈಸೂರ ಕಡೆಯವ್ರು ಇರಬೇಕು. ಮಾತು ಭಾಳ ಮೆತ್ತಗ ಅದ" ಎಂದರು. ಹೊಗಳಿದರೋ ತೆಗಳಿದರೋ ಎಂದು ಇವತ್ತಿಗೂ ಗೊತ್ತಾಗಿಲ್ಲ.

ಅನಿಮೇಶನ್ ಎಂದರೆ ಏನೆಂದು ನಾನು ಕೇಳಿದ್ದು ಅದೇ ವಾರ. ಕಾಗದದ ಒಂದು ಕಟ್ಟನ್ನು ಎಡಗೈಯಲ್ಲಿ ಹಿಡಿದು, ಹಾಳೆಗಳ ನಡುವೆ ಬೆರಳು ತೂರಿಸಿ, ಸರಸರನೆ ಉರುಳಿಸಿದರು. ಚೆಂಡೊಂದು ಬಿದ್ದು, ಚಪ್ಪಟೆಯಾಗಿ, ಮತ್ತೆ ಮೇಲೆದ್ದಿತು. ಆಮೇಲೆ ಕಟ್ಟನ್ನು ನನ್ನ ಮುಂದೆ ಹರಡಿದರು.

"ಇದ್ರಾಗ ಯಾವ ಚೆಂಡು ಜಿಗೀಲಿಕ್ಕತ್ತದ, ತೋರಸ್ರಿ."

ನೋಡಿದೆ. ಎಲ್ಲವೂ ಸುಮ್ಮನೆ ಇದ್ದಲ್ಲೇ ಇದ್ದವು.

"ಒಂದೂ ಇಲ್ಲ, ಹೌದಲ್ರಿ? ಎಲ್ಲಾ ಸತ್ತಂಗ ಕೂತಾವ. ಮತ್ತ ಜಿಗದಿದ್ದು ಯಾವುದು? ನಿಮ್ಮ ಕಣ್ಣಾಗಿಂದು."

ಒಂದು ಚಿತ್ರ ಕಣ್ಣಿನಿಂದ ಪೂರ್ತಿ ಹೋಗುವ ಮೊದಲೇ ಸ್ವಲ್ಪವೇ ಸರಿದ ಇನ್ನೊಂದು ಬಂದು ಕೂತರೆ, ಅವು ಎರಡು ಎಂದು ಮನಸ್ಸು ಒಪ್ಪುವುದಿಲ್ಲ, ಒಂದೇ ವಸ್ತು ಜರುಗಿತು ಎಂದುಕೊಳ್ಳುತ್ತದೆ. ಇಷ್ಟೇ ಕಸುಬಿನ ಗುಟ್ಟು. ಚಿತ್ರಗಳು ಹತ್ತಿರ ಹತ್ತಿರವಿದ್ದರೆ ನಿಧಾನ, ದೂರ ದೂರವಿದ್ದರೆ ವೇಗ. ಚೆಂಡು ಮೇಲೆ ಹೋಗಿ ತಿರುಗುವಲ್ಲಿ ಚಿತ್ರಗಳು ಒತ್ತೊತ್ತಾಗಿ ಇರಬೇಕು, ಬೀಳುವಾಗ ಬಿಡಿಬಿಡಿಯಾಗಿ. ನೆಲಕ್ಕೆ ತಾಗಿದಾಗ ಅದನ್ನು ಅಪ್ಪಚ್ಚಿಯಾದ ಹಾಗೆ ಬರೆಯಬೇಕು. ಯಾವ ಚೆಂಡೂ ಅಷ್ಟೊಂದು ಅಪ್ಪಚ್ಚಿಯಾಗುವುದಿಲ್ಲ, ಆದರೆ ಹಾಗೆ ಬರೆಯದಿದ್ದರೆ ನೋಡುವವರು ನಂಬುವುದಿಲ್ಲ. ಇದನ್ನೆಲ್ಲ ಅವರು ಪಾಠದಂತೆ ಹೇಳಿದವರಲ್ಲ. ಡಬ್ಬಿ ತೆರೆದು ಊಟಕ್ಕೆ ಕೂತಾಗ, ಬಸ್ಸಿಗೆ ಕಾಯುವಾಗ ಸಿಕ್ಕಿದಷ್ಟು ಸಿಕ್ಕಿತು. ನಡೆಯುವವರನ್ನು, ಎದ್ದು ಕೂರುವವರನ್ನು ನೋಡದೆ ಅವರಿಗೆ ಇರಲಾಗುತ್ತಿರಲಿಲ್ಲ. ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದವರು, "ನಿಮ್ಮ ಮನಿಯವ್ರು ಕುರ್ಚಿಯಿಂದ ಏಳೂದರಾಗ ನಾ ಒಂದು ಇಡೀ ರೀಲ್ ಬರೀಬಹುದು" ಎಂದುಬಿಟ್ಟರು. ನಮ್ಮವರು ಅಂದಿನಿಂದ ಅವರ ಎದುರಿಗೆ ಚುರುಕಾಗಿ ಏಳುತ್ತಿದ್ದರು.

ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಬೇಕು, ಜಿಪುಣತನ ಮಾಡಿದರೂ ಹನ್ನೆರಡು. ಅಷ್ಟನ್ನೂ ಒಬ್ಬರೇ ಬರೆಯುವುದಿಲ್ಲ. ದೊಡ್ಡವರು ಮುಖ್ಯ ಭಂಗಿಗಳನ್ನು ಮಾತ್ರ ಬರೆಯುತ್ತಾರೆ: ಕೈ ಕೆಳಗಿದೆ, ಕೈ ಮೇಲಿದೆ. ಅದಕ್ಕೆ ಕೀ ಡ್ರಾಯಿಂಗ್ ಎನ್ನುತ್ತಾರೆ. ಕೆಳಗಿನ ಕೈ ಮೇಲೆ ಹೋಗುವ ದಾರಿಯನ್ನು ಬರೆಯುವುದು ಇನ್ನೊಬ್ಬರ ಪಾಲು. ಇವರು ಆ ನಡುವಿನ ಚಿತ್ರಗಳವರು. ಬರೋಡಾದಲ್ಲಿ ಚಿತ್ರಕಲೆ ಓದಿ, ಒಳ್ಳೆಯ ಅಂಕ ಪಡೆದು ಬಂದು, ವರ್ಷಗಳಿಂದ ನಡುವೆಯೇ ಉಳಿದಿದ್ದರು.

ಕೀ ಡ್ರಾಯಿಂಗ್ ಸಾಹೇಬರದು. ಸಾಹೇಬರು ಘಟಕದ ಮುಖ್ಯಸ್ಥರು, ವಿದೇಶದಲ್ಲಿ ಕೆಲವು ತಿಂಗಳು ತರಬೇತಿ ಪಡೆದವರು. ಆ ಕೆಲವು ತಿಂಗಳು ಮಿಕ್ಕ ಜೀವನಕ್ಕೆಲ್ಲ ಸಾಕಾಗಿತ್ತು. ಗುಜರಾತಿನಲ್ಲಿ ಹೆಂಗಸರ ಹೆಸರಿನ ಹಿಂದೆ 'ಬೆನ್' ಸೇರಿಸಿ ಕರೆಯುವುದು ರೂಢಿ. ನಮ್ಮ ಕಡೆ ಅಕ್ಕ ಅಂದ ಹಾಗೆ, ಒಳ್ಳೆಯ ಮರ್ಯಾದೆಯ ಮಾತು. ಸಾಹೇಬರು ಹೆಸರನ್ನು ಕೈಬಿಟ್ಟು ಬರೀ ಬೆನ್ ಇಟ್ಟುಕೊಂಡಿದ್ದರು. ನಾನೂ ಬೆನ್, ಇವರೂ ಬೆನ್, ಚಹಾದ ಲೋಟ ತೊಳೆಯುವವಳೂ ಬೆನ್. ಸಮಾನತೆ ಎಂದುಕೊಳ್ಳಬೇಕು.

"ಸಾಹೇಬ್ರ ಬದುಕಿನ್ಯಾಗ ಬರೇ ಕೀ ಡ್ರಾಯಿಂಗ್ ಅದಾವ್ರಿ. ನಡುವಿಂದು ಎಲ್ಲಾ ಬ್ಯಾರೇದವ್ರು ಬರೀತಾರ" ಎಂದು ಇವರು ಒಂದು ದಿನ ಹೇಳಿದಾಗ ನಾನು ನಕ್ಕು ನಕ್ಕು ಚಹಾ ಚೆಲ್ಲಿಕೊಂಡೆ. ಅವರು ನಗಲಿಲ್ಲ.

ನಗುವ ಸ್ಥಿತಿ ಅವರದಾಗಿರಲಿಲ್ಲ. ಗಂಡನಿಗೆ ಬರೋಡಾದ ಹತ್ತಿರ ಕೊಯಾಲಿಯ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ನೌಕರಿ, ಅದರ ಟೌನ್‌ಶಿಪ್ಪಿನಲ್ಲೇ ಮನೆ. ಅತ್ತೆ, ಪುಟ್ಟ ಮಗಳು ಅಲ್ಲೇ. ಇವರು ವಾರವೆಲ್ಲ ಅಹಮದಾಬಾದಿನ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಸಂಜೆ ರೈಲು ಹಿಡಿಯುತ್ತಿದ್ದರು. "ಗೊಂಬಿ ಬರೀಲಿಕ್ಕೆ ಹೋಗ್ತಾಳ, ಹಡದ ಗೊಂಬಿ ಇಲ್ಲೇ ಬಿಟ್ಟು" ಎಂದು ಅತ್ತೆ ಬಂದವರೆದುರು ಹೇಳುತ್ತಿದ್ದರಂತೆ. ಮಗಳು ಒಂದು ಸೋಮವಾರ ಅಮ್ಮನಿಗೆ ಟಾಟಾ ಮಾಡುವುದನ್ನೂ ಬಿಟ್ಟಳಂತೆ. ಇದನ್ನು ಹೇಳುವಾಗ ಮಾತ್ರ ಅವರ ದನಿ ಒಡೆದದ್ದನ್ನು ಕೇಳಿದ್ದೇನೆ. ಆ ವರ್ಷ ಘಟಕದಲ್ಲಿ ಅನಿಮೇಟರ್ ಹುದ್ದೆಯೊಂದು ಕಾಯಂ ಆಗುವುದಿತ್ತು. ಸಿಕ್ಕರೆ ಕ್ವಾರ್ಟರ್ಸ್ ಕೊಡುತ್ತಿದ್ದರು. ಮಗಳನ್ನು ಕರೆತಂದು ಜೊತೆಗಿಟ್ಟುಕೊಳ್ಳಬಹುದಿತ್ತು, ತಾನೂ ಕೀ ಡ್ರಾಯಿಂಗ್ ಬರೆಯಬಹುದಿತ್ತು. ಈ ಒಂದು ಚಿತ್ರ ಮುಗಿಯಲಿ, ಆಮೇಲೆ ಸಂದರ್ಶನ ಎಂದಿದ್ದರು ಸಾಹೇಬರು.

ಆ ಚಿತ್ರ ಒಂದನೇ ತರಗತಿಯ ಮಕ್ಕಳಿಗೆ ಎಣಿಕೆ ಕಲಿಸುವುದು. ಎರಡು ಜಡೆಯ ಹುಡುಗಿಯೊಬ್ಬಳು ಮುಷ್ಟಿ ಹಿಡಿದು ಬಂದು ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಡಿಸುತ್ತ ಎಣಿಸುತ್ತಾಳೆ, ಮೊದಲು ಒಂದು ಕೈ, ಆಮೇಲೆ ಇನ್ನೊಂದು. ಸರಳವಾದದ್ದು. ಆದರೆ ಕಾರ್ಟೂನಿನವರಿಗೆ ಒಂದು ಹಳೆಯ ಚಾಳಿಯಿದೆ. ಕೈಗೆ ನಾಲ್ಕೇ ಬೆರಳು ಬರೆಯುತ್ತಾರೆ. ಐದು ಬರೆದರೆ ಚಿಕ್ಕ ಕೈಯಲ್ಲಿ ಕಿಕ್ಕಿರಿದು ಬಾಳೆಗೊನೆಯಂತೆ ಕಾಣುತ್ತದೆ, ಸಾವಿರಾರು ಚಿತ್ರಗಳಲ್ಲಿ ಒಂದು ಬೆರಳು ಉಳಿದರೆ ದುಡಿಮೆಯೂ ಉಳಿಯುತ್ತದೆ. ನೋಡುವವರು ಯಾರೂ ಗಮನಿಸುವುದಿಲ್ಲ. ಸಾಹೇಬರು ವಿದೇಶದಲ್ಲಿ ಕಲಿತ ಹಾಗೆಯೇ ಬರೆದರು: ಒಂದು ಮುಷ್ಟಿ, ಒಂದು ಬಿಚ್ಚಿದ ಕೈ. ಬಿಚ್ಚಿದ ಕೈಯಲ್ಲಿ ನಾಲ್ಕು ಬೆರಳು. ಐದರವರೆಗೆ ಎಣಿಸಬೇಕಾದ ಹುಡುಗಿಗೆ!

ಹೀಗೂ ಉಂಟೇ ಎಂದು ನೀವು ಕೇಳಬಹುದು. ಉಂಟು. ವರ್ಷಗಟ್ಟಲೆ ನಾಲ್ಕು ಬೆರಳು ಬರೆದ ಕೈಗೆ ಐದನೆಯದು ಮರೆತೇ ಹೋಗಿರುತ್ತದೆ, ತನ್ನದೇ ಕೈಯಲ್ಲಿ ಅದು ಕಾಗದಕ್ಕೆ ಆನಿಕೊಂಡಿದ್ದರೂ.

ಇವರು ಕಾಗದ ಹಿಡಿದು ಸಾಹೇಬರ ಕೋಣೆಗೆ ಹೋದರು. ಧ್ವನಿಮುದ್ರಣದ ಸಮಯ ಕೇಳಲು ನಾನೂ ಅಲ್ಲೇ ನಿಂತಿದ್ದೆ. ಸಾಹೇಬರು ಚಿತ್ರ ನೋಡಲಿಲ್ಲ, ಇವರನ್ನು ನೋಡಿದರು. "ಬೆನ್, ಇಡೀ ಜಗತ್ತಿನಲ್ಲಿ ಕಾರ್ಟೂನಿನ ಕೈಗೆ ನಾಲ್ಕೇ ಬೆರಳು. ನೀವು ನಡುವಿನದನ್ನು ಬರೆಯಿರಿ" ಎಂದರು ಹಿಂದಿಯಲ್ಲಿ. ನಾನು ಬಾಯಿ ಹಾಕಿದೆ: ಕನ್ನಡದಲ್ಲಿ ಐದು ಎಂದು ಹೇಳುವಾಗ ಪರದೆಯ ಮೇಲೆ ಏನು ತೋರಿಸುತ್ತೀರಿ, ಸರ್? "ನೀವು ನಿಮ್ಮ ಕನ್ನಡ ನೋಡಿಕೊಳ್ಳಿ, ಬೆನ್" ಎಂಬ ಉತ್ತರ ಸಿಕ್ಕಿತು. ಕೊನೆಗೆ, ಇವರು ಜಾಗ ಬಿಟ್ಟು ಕದಲದ್ದರಿಂದ, "ಸರಿ, ಕೀ ತಿದ್ದಿಕೊಡ್ತೀನಿ, ನೀವು ಮುಂದುವರಿಸಿ" ಎಂದರು. ಮರುದಿನ ದಿಲ್ಲಿಗೆ ಮೀಟಿಂಗಿಗೆ ಹೋದರು.

ಇವರು ಮುಂದುವರಿಸಿದರು. ನಡುವಿನ ಎಲ್ಲ ಚಿತ್ರಗಳಲ್ಲೂ ಕಿರುಬೆರಳು ಬರೆದರು. ಎಂಥ ಬೆರಳು ಅದು! ಉಳಿದ ನಾಲ್ಕರ ಮರೆಯಿಂದ ನಾಚಿಕೊಂಡು ಹೊರಬಂದು, ಸ್ವಲ್ಪ ಬಾಗಿ, ಆಮೇಲೆ ನೆಟ್ಟಗೆ ನಿಲ್ಲುತ್ತಿತ್ತು. ಹಾಳೆ ಉರುಳಿಸಿ ತೋರಿಸಿದಾಗ ನನಗೆ ಮೈ ಜುಂ ಎಂದಿತು. ಸಾಹೇಬರು ಕೀ ತಿದ್ದದೇ ಹೋದರೆ ಎಂದೆ. "ತಿದ್ದತಾರ್ರಿ. ಇಲ್ಲಂದ್ರ ನಡಿತದೇನು? ಹುಡುಗ್ರು ಟಿ.ವಿ. ನೋಡಿ ತಮ್ಮ ಕೈ ನೋಡ್ಕೋತಾವ. ನಾಲ್ಕ ಅದಾವಂತ ಹ್ಯಾಂಗ ಹೇಳೂದು ಅವಕ್ಕ?" ಎಂದರು.

ಸಾಹೇಬರು ತಿದ್ದಲಿಲ್ಲ. ದಿಲ್ಲಿಯಿಂದ ಬಂದವರೇ ಎಲ್ಲವನ್ನೂ ಕ್ಯಾಮೆರಾಕ್ಕೆ ಕಳಿಸಿದರು, ತಡವಾಗಿತ್ತು. ಪರದೆಯ ಮೇಲೆ ಏನಾಯಿತೆಂದರೆ, ನನ್ನ ದನಿ ಐದು ಎನ್ನುತ್ತಿದ್ದಂತೆ ಕಿರುಬೆರಳು ಚೆಂದವಾಗಿ ಎದ್ದುಬಂತು, ಕೈ ಪೂರ್ತಿ ಬಿಚ್ಚಿದ ಕ್ಷಣ ಮಾಯವಾಯಿತು, ಕೈ ಅಲ್ಲಾಡಿದೊಡನೆ ಮತ್ತೆ ಬಂತು, ನಿಂತೊಡನೆ ಮತ್ತೆ ಹೋಯಿತು. ಹತ್ತು ಎಂದಾಗಲೂ ಅದೇ ಕಥೆ. ಪೂರ್ವಪ್ರದರ್ಶನಕ್ಕೆ ಅಧಿಕಾರಿಗಳು, ಕೆಲವು ಶಾಲೆಗಳ ಶಿಕ್ಷಕಿಯರು ಬಂದಿದ್ದರು. ಹಳ್ಳಿಯೊಂದರ ಮುಖ್ಯೋಪಾಧ್ಯಾಯಿನಿ ಪಾಪ, ಮೆಲ್ಲಗೆ ಕೇಳಿದರು: ಆ ಹುಡುಗಿಯ ಬೆರಳು ಎಲ್ಲಿ ಹೋಯಿತು? ಸಭೆ ಗೊಳ್ಳೆಂದಿತು. ಸಾಹೇಬರೂ ನಕ್ಕರು, ಆಮೇಲೆ ಎದ್ದು ನಿಂತು ಗಂಭೀರವಾಗಿ, "ನಡುವಿನ ಚಿತ್ರ ಬರೆದವರ ತಪ್ಪು. ಕ್ರಮ ತೆಗೆದುಕೊಳ್ಳುತ್ತೇವೆ" ಎಂದರು.

ತೆಗೆದುಕೊಂಡರು. ಸಂದರ್ಶನಕ್ಕೆ ಇವರನ್ನು ಕರೆಯಲಿಲ್ಲ, ಗುತ್ತಿಗೆಯನ್ನೂ ಮುಂದುವರಿಸಲಿಲ್ಲ. ನಾನು ಸಾಹೇಬರ ಹತ್ತಿರ ಹೋಗಿ ನೀವು ತಿದ್ದುತ್ತೇನೆ ಎಂದದ್ದನ್ನು ನಾನು ಕೇಳಿದ್ದೇನೆ ಎಂದೆ. ಸಾಹೇಬರು ಬಾಗಿಲಿನ ಕಡೆ ಕೈ ತೋರಿಸಿದರು. ಅವರ ಮೇಲಿನವರಿಗೂ ಹೇಳಿದೆ. ಒಂದು ಬೆರಳಿಗಾಗಿ ಇಷ್ಟು ರಾದ್ಧಾಂತವೇ ಎಂದು ಅವರು ಆಶ್ಚರ್ಯಪಟ್ಟರು. ಆ ಚಿತ್ರವನ್ನು ಮತ್ತೆ ತೆಗೆಯಲು ಸಮಯವಿಲ್ಲವೆಂದು ಹಾಗೇ ಬಿಟ್ಟರು. ವರ್ಷಾನುಗಟ್ಟಲೆ ಅದು ಟಿ.ವಿ.ಯಲ್ಲಿ ಬಂತು. ಕೊನೆಯಲ್ಲಿ ಸಾಹೇಬರ ಹೆಸರು ಬರುತ್ತಿತ್ತು, ಕ್ಯಾಮೆರಾದವರದು ಬರುತ್ತಿತ್ತು, ನನ್ನದು ಕೂಡ. ಇವರದಿಲ್ಲ. ತಪ್ಪಿಗೆ ಮಾತ್ರ ಅವರು ವಾರಸುದಾರರು.

ಕೊನೆಯ ದಿನ ಮೇಜು ಒರೆಸಿ, ಪೆನ್ಸಿಲುಗಳನ್ನು ಚೂಪು ಮಾಡಿಟ್ಟು ಹೋದರು, ಮುಂದೆ ಬರುವವರಿಗೆ ಎಂದು. ನಾನಾಗಿದ್ದರೆ ಮುರಿದು ಹೋಗುತ್ತಿದ್ದೆ.

ಕೊಯಾಲಿಗೆ ನಾನು ಆಗಾಗ ಹೋಗುತ್ತಿದ್ದೆ. ಅವರ ಗಂಡ ಕೆಟ್ಟವರಲ್ಲ. ಬಂದವರಿಗೆ ಕೈಯಾರೆ ಕುರ್ಚಿ ಹಾಕುವವರು, ಸಿಕ್ಕಾಪಟ್ಟೆ ನಗಿಸುವವರು. ಅವರಲ್ಲಿ ತಮಾಷೆಗಳ ಒಂದು ಸಂಗ್ರಹವಿತ್ತು, ಅದರಲ್ಲಿ ಒಂದು ಇದು: "ನೋಡ್ರಿ, ಮಂದಿ ಕೆಲಸ ಕಮ್ಮಿ ಮಾಡಿ ನೌಕರಿ ಕಳಕೋತಾರ. ನಮ್ಮಾಕಿ ಒಂದು ಬೆರಳು ಹೆಚ್ಚಿಗಿ ಬರದು ಕಳಕೊಂಡ್ಲು." ಬಂದವರು ನಗುತ್ತಿದ್ದರು. ಇವರು ಚಹಾ ತರಲು ಒಳಗೆ ಹೋಗುತ್ತಿದ್ದರು. ನಾನು ಒಮ್ಮೆ ಅವರನ್ನು ತಡೆದು, ತಪ್ಪು ಇವರದಲ್ಲ ಎಂದು ನಡೆದದ್ದನ್ನೆಲ್ಲ ಹೇಳಿದೆ. "ಇರ್ಲಿ ಬಿಡ್ರಿ, ಚಾಷ್ಟಿಗಿ ಹೇಳಿದೆ. ಆಕಿ ಮನ್ಯಾಗ ಇರೂದು ಛಲೋನ ಆತು" ಎಂದರು. ಮಗಳು ಈ ಮಾತುಗಳ ನಡುವೆಯೇ ಬೆಳೆದಳು. ಅಮ್ಮ ಎಂದೋ ಏನೋ ತಪ್ಪು ಮಾಡಿ ಕೆಲಸ ಕಳೆದುಕೊಂಡವಳು ಎಂಬುದು ಅವಳಿಗೆ ಮನೆಯ ಗೋಡೆಯ ಬಣ್ಣದಷ್ಟೇ ಸಹಜವಾಗಿತ್ತು.

ಟೌನ್‌ಶಿಪ್ಪಿನಲ್ಲಿ ಇವರು ಹಬ್ಬಕ್ಕೆ ರಂಗೋಲಿ ಹಾಕಿದರು, ಶಾಲೆಯವರು ಕೇಳಿದಾಗ ಬ್ಯಾನರು ಬರೆದುಕೊಟ್ಟರು. ಅನಿಮೇಶನ್ ಮಾತು ಎತ್ತುತ್ತಿರಲಿಲ್ಲ. ಆದರೆ ರೊಟ್ಟಿ ಬಡಿಯುತ್ತ ಒಮ್ಮೊಮ್ಮೆ ಕೈ ನಿಲ್ಲಿಸಿ ಕಿಟಕಿಯಾಚೆ ಯಾರೋ ಸೈಕಲ್ ಹತ್ತುವುದನ್ನು ನೋಡುತ್ತ ನಿಂತುಬಿಡುತ್ತಿದ್ದರು, ಹೆಂಚಿನ ಮೇಲಿನದು ಕರಕಾಗುವವರೆಗೆ. ಈಗ ನಡುವಿನ ಚಿತ್ರಗಳನ್ನೆಲ್ಲ ಕಂಪ್ಯೂಟರೇ ಹಾಕಿಕೊಳ್ಳುತ್ತದಂತೆ ಎಂದು ನಾನು ಹೇಳಿದಾಗ, "ಹಾಕ್ಕೊಳ್ಳಲಿ. ಅದಕ್ಕ ಬೈಸಿಕೊಳ್ಳೂದು ಇರೂದಿಲ್ಲಲ್ಲ" ಎಂದರು. ಅವರು ಈ ವಿಷಯದಲ್ಲಿ ಕಹಿಯಾಗಿ ಮಾತಾಡಿದ್ದು ನನಗೆ ನೆನಪಿರುವಂತೆ ಅದೊಂದೇ ಸಲ. ನನ್ನ ಕಹಿಯೆಲ್ಲ ಅವರು ಆಡದೆ ಬಿಟ್ಟದ್ದರ ಬಾಕಿ.

ಅವರು ತೀರಿಕೊಂಡ ಹದಿಮೂರನೆಯ ದಿನದ ಊಟಕ್ಕೆ ನಾನು ಹೋಗಿದ್ದೆ. ಅವರ ಗಂಡ ಕಣ್ಣೊರೆಸಿಕೊಳ್ಳುತ್ತಲೇ ಬಂದವರಿಗೆ ಹೆಂಡತಿಯ ಬಗ್ಗೆ ಹೇಳುತ್ತಿದ್ದರು. ಆ ತಮಾಷೆಯನ್ನೂ ಹೇಳಿದರು. ಪ್ರೀತಿಯಿಂದಲೇ ಹೇಳಿದರು, ಅದೇ ಸಂಕಟ.

ಈ ಚಳಿಗಾಲದಲ್ಲಿ ಅಹಮದಾಬಾದಿನಲ್ಲಿ ಸಾಹೇಬರಿಗೆ ಸನ್ಮಾನ. ಹಳೆಯ ಸಿಬ್ಬಂದಿಗೆಲ್ಲ ಆಹ್ವಾನ ಬಂತು. ಕಾರ್ಯಕ್ರಮದಲ್ಲಿ ಎಣಿಕೆಯ ಚಿತ್ರ ತೋರಿಸುತ್ತಾರೆಂದು ಓದಿ, ಇಲ್ಲೇ ಕೆಲಸದಲ್ಲಿರುವ ಅವರ ಮಗಳಿಗೆ ಫೋನು ಮಾಡಿದೆ. ಅವಳು ಆ ಚಿತ್ರವನ್ನು ಒಮ್ಮೆಯೂ ನೋಡಿರಲಿಲ್ಲ, ಅವರ ಮನೆಯಲ್ಲಿ ಅದು ಬರುವ ಹೊತ್ತಿಗೆ ಟಿ.ವಿ. ಆರಿಸುತ್ತಿದ್ದರು. ಇಬ್ಬರೂ ಮೆಟ್ರೋ ಹಿಡಿದು ಹೋದೆವು.

ಹಳೆಯ ಫಿಲ್ಮನ್ನು ತೊಳೆದು ಹೊಸದರಂತೆ ಮಾಡಿದ್ದರು. ದೊಡ್ಡ ಪರದೆಯ ಮೇಲೆ ಎರಡು ಜಡೆಯ ಹುಡುಗಿ ಬಂದಳು. ಕಿರುಬೆರಳು ನಾಚಿಕೊಂಡು ಎದ್ದಿತು, ಹೋಯಿತು, ಬಂತು. ಪಕ್ಕದಲ್ಲಿ ಮಗಳು ತನ್ನ ಕೈಯನ್ನು ಮಡಿಲಲ್ಲಿ ಬಿಚ್ಚಿ ಮಡಚುತ್ತಿದ್ದಳು. ವೇದಿಕೆಯ ದೀಪ ಹತ್ತಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: ಸರ್, ಆ ಐದನೆಯ ಬೆರಳು ಮಿನುಗುವುದು ಬಹಳ ಸುಂದರವಾಗಿದೆ, ಅದು ಹೇಗೆ ಹೊಳೆಯಿತು ನಿಮಗೆ?

ಸಾಹೇಬರು ಮುಗುಳ್ನಕ್ಕರು. "ಬೇಕೆಂದೇ ಮಾಡಿದ್ದು. ಬೆರಳು ಎಲ್ಲಿ ಹೋಯಿತು ಎಂದು ಮಗು ಹುಡುಕಬೇಕು, ತನ್ನ ಕೈ ನೋಡಿಕೊಳ್ಳಬೇಕು. ಆ ಕಾಲಕ್ಕೆ ಅದನ್ನು ಅರ್ಥಮಾಡಿಕೊಳ್ಳುವವರು ಇರಲಿಲ್ಲ" ಎಂದರು. ಜೋರು ಚಪ್ಪಾಳೆ.

ನಾನು ಎದ್ದು ನಿಂತೆ. ಮೈಕು ಕೊಡಲಿಲ್ಲ, ಬೇಕಾಗಿಯೂ ಇರಲಿಲ್ಲ, ಆ ಚಿತ್ರಕ್ಕೆ ದನಿ ಕೊಟ್ಟ ಗಂಟಲು ಇದು. ಸರ್, ಆ ಬೆರಳು ಬರೆದ ಬೆನ್‌ರನ್ನು ಅದೇ ಬೆರಳಿಗಾಗಿ ನೀವು ಕೆಲಸದಿಂದ ತೆಗೆದಿರಿ ಎಂದೆ. ಸಾಹೇಬರು ದೀಪಕ್ಕೆ ಅಡ್ಡ ಕೈ ಹಿಡಿದು ಕತ್ತಲೊಳಗೆ ನನ್ನನ್ನು ಹುಡುಕಿದರು.

"ಯಾವ ಬೆನ್?"

ಹೆಸರು ಹೇಳಿದೆ. ಸಭೆಯಲ್ಲಿ ಅವರ ಹೆಸರನ್ನು ಯಾರಾದರೂ ಹೇಳಿದ್ದು ಅದೇ ಮೊದಲು.

"ಹಾಂ, ಇದ್ದಿರಬಹುದು. ಬಹಳ ಜನ ಬೆನ್‌ಗಳು ಇದ್ದರು" ಎಂದರು. ನಿರೂಪಕಿ ನಗುತ್ತ ಮುಂದಿನ ಪ್ರಶ್ನೆ ಕರೆದಳು. ಆಮೇಲೆ ಶಾಲು ಬಂತು.

ಮೆಟ್ರೋದಲ್ಲಿ ಮಗಳು ನನ್ನ ಕಡೆ ತಿರುಗಿ ಕೂತಳು. ಅವಳ ಕನ್ನಡ ಅಷ್ಟಕ್ಕಷ್ಟೇ, ನನ್ನೊಡನೆ ಹಿಂದಿಯಲ್ಲೇ ಮಾತಾಡುವವಳು. ಅವತ್ತು ಮಾತ್ರ ಹುಡುಕಿ ಹುಡುಕಿ ಕನ್ನಡದಲ್ಲಿ ಕೇಳಿದಳು.

"ಆಂಟಿ, ಮತ್ತ... ಮಮ್ಮಿ ಮಿಸ್ಟೇಕ್ ಮಾಡಿಲ್ಲ ಇತ್ತು?"

"ಇಲ್ಲಮ್ಮ. ಅವರೊಬ್ಬರೇ ಸರಿಯಾಗಿ ಬರೆದವರು."

ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ಅಮ್ಮನಿಗೆ ಟಾಟಾ ಮಾಡದೆ ನಿಂತ ಸೋಮವಾರ ಅವಳಿಗೆ ನೆನಪಿರಲಾರದು, ಆದರೂ ನನಗೆ ಅದೇ ಕಣ್ಣಿಗೆ ಕಟ್ಟಿತು. ಒಂದೆರಡು ಸ್ಟೇಶನ್ ಕಳೆದ ಮೇಲೆ ಫೋನು ತೆಗೆದು ಕೊಯಾಲಿಗೆ ಹಚ್ಚಿದಳು.

"ಪಪ್ಪಾ, ಮಮ್ಮಿದು ಆ ಜೋಕ್ ಇನ್ನ ಯಾರಿಗೂ ಹೇಳಬ್ಯಾಡ."

ಬೋಗಿಯಲ್ಲಿ ಹೆಚ್ಚು ಜನರಿರಲಿಲ್ಲ. ಆ ಕಡೆಯ ದನಿ ನನಗೂ ಕೇಳಿಸಿತು.

"ಯಾವ ಜೋಕ್?"